ಕಡಲತೀರಗಳ ಪಟ್ಟಿ

ಐದು ಕಡಲತೀರಗಳ ಹೆಸರು ಬರೆದುಕೊಡಬೇಕಾಗಿತ್ತು. ಶನಿವಾರದ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ರೇಣುಕಪ್ರಸಾದ್ ಬರೆದದ್ದು ನಾಲ್ಕು: ಮರವಂತೆ, ಮಲ್ಪೆ, ಕಾಪು, ಹೊನ್ನಾವರದ ಕಾಸರಕೋಡು. ಐದು ಎಂದು ಅಂಕಿ ಹಾಕಿ, ಪಕ್ಕದಲ್ಲೊಂದು ಚುಕ್ಕಿ ಇಟ್ಟು, ಆ ಚುಕ್ಕಿಯನ್ನೇ ಕೆಂಪು ಪೆನ್ನಿನಿಂದ ಸುತ್ತಿ ಸುತ್ತಿ ದಪ್ಪ ಮಾಡುತ್ತಾ ಸ್ಟಾಫ್ ರೂಮಿನಲ್ಲಿ ಕೂತಿದ್ದ. ಮೊಬೈಲಿನಲ್ಲಿ ಒಂದಾದ ಮೇಲೊಂದು ಸಮುದ್ರ ಸರಿಯುತ್ತಿತ್ತು. ಎಲ್ಲ ಫೋಟೋದಲ್ಲೂ ಅದೇ ನೀಲಿ, ಅದೇ ಬಾಗಿದ ತೆಂಗು, ಬೆನ್ನು ತಿರುಗಿಸಿ ಕೈ ಚಾಚಿ ನಿಂತ ಅದೇ ಹುಡುಗಿ. ಜೀವನದಲ್ಲಿ ಒಮ್ಮೆಯಾದರೂ ನೋಡಲೇಬೇಕಾದ ಹತ್ತು ಕಡಲತೀರಗಳು ಎಂದು ಯಾರೋ ಪುಣ್ಯಾತ್ಮ ಮಾಡಿದ್ದ ಪಟ್ಟಿಯಲ್ಲಿ ಆ ಹೆಸರೂ ಇತ್ತು, ಏಳನೆಯದಾಗಿ. ಅದು ಬಂದಾಗಲೆಲ್ಲ ಅವನ ಹೆಬ್ಬೆರಳು ಬಿಸಿ ಹಂಚು ಮುಟ್ಟಿದ ಹಾಗೆ ಸರಕ್ಕನೆ ಮೇಲಕ್ಕೆ ಹೋಗುತ್ತಿತ್ತು. ಗುಡ್ಡ ಇಳಿದು ಹೋಗಬೇಕಾದ ಸಣ್ಣ ತೀರ, ಎರಡು ಬಂಡೆಗಳ ನಡುವೆ ಒಂದಿಷ್ಟು ಮರಳು. ಶಾಂತ ವಾತಾವರಣ, ಜನಸಂದಣಿ ಕಡಿಮೆ, ಮನೆಮಂದಿಗೆಲ್ಲ ಸೂಕ್ತ ಎಂದು ಬರೆದಿತ್ತು. ನಾಲ್ಕು ವರ್ಷದ ಹಿಂದೆ ಅಲ್ಲಿ ನಿಂಗರಾಜ್ ಎಂಬ ಇಪ್ಪತ್ತು ವರ್ಷದವನು ಮುಳುಗಿ ಸತ್ತದ್ದನ್ನು ಬರೆದಿರಲಿಲ್ಲ. ಯಾಕೆ ಬರೆಯುತ್ತಾರೆ.

“ಏನ್ರೀ ಪ್ರಸಾದ್, ಮುಗೀತೇನ್ರೀ ನಿಮ್ಮ ಸಮುದ್ರಮಥನ?” ಹೆಡ್ ಮಾಸ್ಟರ್ ಹಾಲಸ್ವಾಮಿ ಬಾಗಿಲಲ್ಲಿ ನಿಂತು ಕೇಳಿದರು. ದಸರಾ ರಜೆಗೆ ಮೇಷ್ಟ್ರುಗಳು, ಅವರ ಮನೆಯವರು, ಮಕ್ಕಳು ಎಲ್ಲ ಸೇರಿ ಮೂರು ದಿನದ ಪ್ರವಾಸ. “ಗಾಡಿಯೋನು ಬಂದು ಗೇಟಿನ ಹತ್ರ ಕುಂತಾನೆ. ರೂಟು ಬರ್ದು ಸಹಿ ಹಾಕಿ ಕೊಟ್ಟುಬಿಡ್ರಿ, ಆಮ್ಯಾಲೆ ಅದು ನೋಡಿಲ್ಲ ಇದು ನೋಡಿಲ್ಲ ಅಂತ ಯಾರೂ ನನ್ನ ಕುತ್ತಿಗೆಗೆ ಬೀಳಬಾರ್ದು.” ಹಾಲಸ್ವಾಮಿಯವರ ಶಾಲೆಯಲ್ಲಿ ಸಹಿಯಿಲ್ಲದ ಕಾಗದ ಕಾಗದವೇ ಅಲ್ಲ, ಸೀಮೆಸುಣ್ಣದ ಡಬ್ಬಿ ತರಿಸುವ ಚೀಟಿಗೂ ಬರೆದವರ ಸಹಿ, ತಾರೀಖು ಬೇಕು. ಮೂಲೆಯ ಮೇಜಿನಲ್ಲಿ ಚೀಲ ಹೆಗಲಿಗೇರಿಸುತ್ತಿದ್ದ ವಿಜ್ಞಾನದ ಸಂಧ್ಯಾರಾಣಿ ನಕ್ಕಳು. “ಬೀಚು ಅಂದ್ರೆ ಪ್ರಸಾದ್ ಸರ್ ಬಿಟ್ರೆ ಇನ್ಯಾರಿದಾರೆ. ನಮ್ಮ ಹೊನ್ನಾಳಿಯೋರಿಗೆ ಹೊಳೆ ಒಂದು ಗೊತ್ತು. ಸರ್, ಅಲೆ ಜೋರಿರೋ ಕಡೆ ಬ್ಯಾಡ್ರಿ, ನಮ್ಮ ಪುಟ್ಟಿ ಹೆದರ್ತಾಳೆ. ಯಾವುದ್ರಾಗೆ ಅಲೆ ಕಮ್ಮಿ?” “ಕಾಪು,” ಎಂದ ಅವನು. ಒಂದು ಕ್ಷಣ ಬಿಟ್ಟು, “ಅಲ್ಲ, ಮಲ್ಪೆ.” ಎರಡೂ ಮೊಬೈಲಿನಲ್ಲಿ ಓದಿದ್ದು. ಸಂಧ್ಯಾರಾಣಿ ಅವನ ಮುಖವನ್ನು ಬೇಕಾದ್ದಕ್ಕಿಂತ ಅರ್ಧ ಕ್ಷಣ ಹೆಚ್ಚಿಗೆ ನೋಡಿದಳೋ, ಅಥವಾ ಹಾಗೆ ಅನ್ನಿಸಿತೋ. ಐವತ್ತೆರಡನೇ ವಯಸ್ಸಿನಲ್ಲೂ ಅವನಿಗೆ ಇದು ತಪ್ಪಿರಲಿಲ್ಲ: ಯಾರು ಸಮುದ್ರದ ಮಾತೆತ್ತಿದರೂ ಕಿವಿಯ ಹಿಂದೆ ಬೆವರು. ಏಕೆಂದರೆ ಜಗಳೂರು ಸೀಮೆಯ ಈ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಮುದ್ರದ ಪಾಠ ಮಾಡುತ್ತಿರುವ ರೇಣುಕಪ್ರಸಾದ್ ಸಮುದ್ರ ನೋಡಿರಲಿಲ್ಲ.

ನೋಡದೇ ಇರುವುದೇನು ಅಪರಾಧವಲ್ಲ, ಈ ಸೀಮೆಯಲ್ಲಿ ಎಷ್ಟೋ ಜನ ನೋಡಿಲ್ಲ. ನೋಡಿದ್ದೇನೆ ಎಂದು ಒಂದು ಸಲ ಅಂದುಬಿಟ್ಟದ್ದು ಮಾತ್ರ ಅಂಟಿಕೊಂಡಿತು. ಕೆಲಸಕ್ಕೆ ಸೇರಿದ ವಾರ, ಆಗಿನ ಹೆಡ್ ಮಾಸ್ಟರು ಎಲ್ಲರೆದುರು, ನಿಮ್ಮಲ್ಲಿ ಸಮುದ್ರ ನೋಡಿದವರು ಯಾರ್ರೀ ಎಂದು ಕೇಳಿದಾಗ ಅವನ ಕೈ ಮೇಲೆದ್ದಿತ್ತು. ಪೂರ್ತಿ ಸುಳ್ಳೂ ಅಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಎಂಟು ವರ್ಷದವನಿದ್ದಾಗ ಬಸವಾಪಟ್ಟಣದಿಂದ ಮನೆಮಂದಿಯೆಲ್ಲ ಉಡುಪಿಗೆ ಹೋಗಿದ್ದರು. ಘಾಟಿಯಲ್ಲಿ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕಕ್ಕಿ, ಜ್ವರ ಬಂದು, ಅವನೊಬ್ಬ ಛತ್ರದ ಚಾಪೆಯ ಮೇಲೆ ಮಲಗಿದ್ದ. ಉಳಿದವರು ಮಲ್ಪೆಗೆ ಹೋಗಿ ಮೈಯೆಲ್ಲ ಮರಳು ಮಾಡಿಕೊಂಡು ಬಂದರು. ಅವ್ವ ಪಾಪ ಅಂತ ಒಂದು ಸೋಡಾ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡು ಬಂದಿದ್ದಳು. ತಗೋ, ನಿನ್ನ ಪಾಲಿನ ಸಮುದ್ರ, ಎಂದು ಅಣ್ಣ ನಕ್ಕಿದ್ದ. ನಾಲಗೆಗೆ ಹಚ್ಚಿ ನೋಡಿದ, ಉಪ್ಪು. ಊರಿಗೆ ಬಂದ ಮೇಲೆ ಅದನ್ನು ಬೋಗುಣಿಗೆ ಸುರಿದು ಅಂಗಳದಲ್ಲಿ ಬಿದ್ದಿದ್ದ ಒಂದು ಗೋಟಡಿಕೆ ಹಾಕಿದ್ದ. ತೇಲಿತು. ಎಷ್ಟು ಅದುಮಿದರೂ ಪುಟಕ್ಕನೆ ಮೇಲೆ ಬರುತ್ತಿತ್ತು. ಬಾವಿಯ ನೀರಲ್ಲಿ ಹಾಕಿದರೂ ಅದು ತೇಲುತ್ತದೆಯೋ ಎಂದು ನೋಡಲು ಅವನು ಹೋಗಲಿಲ್ಲ. ಅಷ್ಟೇ ಅವನ ಸಮುದ್ರ, ಒಂದು ಬಾಟಲಿ. ಅದನ್ನಿಟ್ಟುಕೊಂಡು ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಅಲೆ ಎಬ್ಬಿಸಿದ್ದ. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು, ಅವನಿಗೂ ಕೆಲವೊಮ್ಮೆ ಪಾದದ ಕೆಳಗಿಂದ ಮರಳು ಜಾರಿದ ಹಾಗಾಗುತ್ತಿತ್ತು.

ಒಂಬತ್ತನೇ ತರಗತಿ, ಮೃತ ಸಮುದ್ರದ ಪಾಠ. ಆ ನೀರಿನಲ್ಲಿ ಉಪ್ಪು ಎಷ್ಟು ಹೆಚ್ಚೆಂದರೆ ಮನುಷ್ಯ ಮುಳುಗುವುದಿಲ್ಲ, ಅಂಗಾತ ಮಲಗಿ ಪೇಪರ್ ಓದಬಹುದು ಎಂದು ಹೇಳುತ್ತಿದ್ದಾಗ ಮೂರನೇ ಬೆಂಚಿನಿಂದ ನಿಂಗರಾಜ್ ಎದ್ದಿದ್ದ. ಕಪ್ಪಗೆ, ಕಡ್ಡಿಯ ಹಾಗಿದ್ದ ಹುಡುಗ. “ನಮ್ಮ ಕಡೆ ಸಮುದ್ರದಾಗೂ ಹಂಗೇನಾ ಸಾರ್?” ಗೊತ್ತಿಲ್ಲಪ್ಪ, ಕೇಳಿ ಹೇಳುತ್ತೇನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಐವತ್ತು ಮುಖಗಳು ಅವನನ್ನೇ ನೋಡುತ್ತಿದ್ದವು, ಸಮುದ್ರ ನೋಡಿ ಬಂದವನನ್ನು. “ಉಪ್ಪುನೀರು ಎಲ್ಲಿದ್ದರೂ ಉಪ್ಪುನೀರೇ ಕಣಯ್ಯ,” ಎಂದಿದ್ದ ಅವನು. “ಕೆರೆ, ಬಾವಿ ಮುಳುಗಿಸುತ್ತವೆ. ಸಮುದ್ರ ಎತ್ತಿ ಹಿಡಿಯುತ್ತದೆ. ನಾನೇ ನೋಡಿದ್ದೇನಲ್ಲ.” ಈ ಸೀಮೆಯ ಹುಡುಗರಿಗೆ ಈಜು ಎಲ್ಲಿಂದ ಬರಬೇಕು, ಅವರು ಹುಟ್ಟಿದಾಗಿನಿಂದ ಕೆರೆಯ ಅಂಗಳದಲ್ಲಿ ಕ್ರಿಕೆಟ್ ಆಡಿದವರು. ಅವರಿಗೆ ಆ ಮಾತು ಹಬ್ಬದ ಹಾಗೆ ಕೇಳಿಸಿತ್ತು. ಐದು ವರ್ಷದ ಮೇಲೆ ನಿಂಗರಾಜನ ಹೆಣ ಆಂಬುಲೆನ್ಸಿನಲ್ಲಿ ಬಂದ ದಿನ, ಜೊತೆಗೆ ಹೋಗಿದ್ದ ಕೆಂಚೇಶ ಬೀದಿಯಲ್ಲಿ ಕೂತು, “ಮುಳುಗಲ್ಲ ಬಾರಲೇ ಅಂದ, ಮುಳುಗಲ್ಲ ಅಂದ,” ಎಂದು ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ಜನಕ್ಕೆ ಅದು ಅಳು. ಗುಂಪಿನ ಹಿಂದೆ ನಿಂತಿದ್ದ ರೇಣುಕಪ್ರಸಾದನಿಗೆ ಮಾತ್ರ ಅದರ ಒಂದೊಂದು ಅಕ್ಷರವೂ ಗುರುತು ಸಿಕ್ಕಿತು. ಮಣ್ಣಿಗೆ ನಿಲ್ಲದೆ ಬಸ್ಸು ಹಿಡಿದು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದ. ಯಾಕೆ ಅಷ್ಟು ಹಸಿವಾಗಿತ್ತೋ ಆ ದಿನ. ಅದನ್ನು ನೆನೆದರೆ ಅವನಿಗೆ ಈಗಲೂ ತನ್ನ ಮೇಲೆ ಹೇಸಿಗೆಯಾಗುತ್ತದೆ.

ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದ. ಐದನೆಯದಕ್ಕೆ ಪಡುಬಿದ್ರಿ ಬರೆದರಾಯಿತು, ಯಾರು ಕೇಳುತ್ತಾರೆ. ಗೇಟಿನ ಹೊರಗೆ ಬೇವಿನ ಮರದ ನೆರಳಲ್ಲಿ ಬಿಳಿ ಟೆಂಪೋ ಟ್ರಾವೆಲರ್ ನಿಂತಿತ್ತು. ಅದರ ಮೆಟ್ಟಿಲ ಮೇಲೆ ಕೂತಿದ್ದವನು ಅವನನ್ನು ಕಂಡು ಎದ್ದು, ತಲೆಗೆ ಸುತ್ತಿದ್ದ ಟವಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಕೆಂಚೇಶ. ಗಾಡಿಯವನು ಎಂದಾಗ ಇವನೇ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲವೇ, ಅಥವಾ ಹೊಳೆಯದ ಹಾಗೆ ನೋಡಿಕೊಂಡಿದ್ದನೇ? ಇಪ್ಪತ್ತನಾಲ್ಕಕ್ಕೇ ಕಣ್ಣ ಕೆಳಗೆ ಮುದುಕರ ಚೀಲ. ನಿಂಗರಾಜನ ತಾಯಿ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೊಲ್ಲಾಪುರಮ್ಮ, ನಾಲ್ಕು ವರ್ಷದಿಂದ ಪ್ರತಿ ಅಮಾವಾಸ್ಯೆಗೆ ಇವನ ಮನೆಯ ಮುಂದೆ ನಿಂತು, ನನ್ನ ಮಗನ್ನ ನೀರಿಗೆ ತಳ್ಳಿದೋನ ವಂಶ ಮಣ್ಣಾಗ್ಲಿ ಎಂದು ಹಿಡಿ ಮಣ್ಣು ತೂರಿ ಹೋಗುತ್ತಾಳೆಂದು ಊರಿಗೆಲ್ಲ ಗೊತ್ತು. ಗೊತ್ತಾಗಿದ್ದ ಮದುವೆ ಈ ಮಾತಿನಿಂದಲೇ ತಪ್ಪಿಹೋಯಿತು. ಕೆಂಚೇಶ ಉಚ್ಚಂಗೆಮ್ಮನ ಗುಡಿಯ ಮುಂದೆ ಒದ್ದೆ ಬಟ್ಟೆಯಲ್ಲಿ ನಿಂತು, ನಾನು ತಳ್ಳಿಲ್ಲ ಎಂದು ಪ್ರಮಾಣ ಮಾಡಿದರೂ ಕೊಲ್ಲಾಪುರಮ್ಮ ಒಪ್ಪಿರಲಿಲ್ಲ. ಕೊಡದ ನೀರು ಸುರ್ಕೊಂಡು ಮಾಡೋ ಪ್ರಮಾಣ ಯಾವ ಪ್ರಮಾಣ ಎಂದು ಎದ್ದುಹೋಗಿದ್ದಳಂತೆ.

“ಆ ಬೀಚು ಬರ್ದೀರಾ ಸಾರ್?” ಕೆಂಚೇಶ ಕೇಳಿದ. ಹೆಸರು ಹೇಳಲಿಲ್ಲ.

“ಯಾವುದು?”

“ನಿಮಗ್ಗೊತ್ತೈತೆ ಸಾರ್.” ಅವನು ಟವಲಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ. “ಅಡುಗೆಗೆ ಅಂತ ಕೊಲ್ಲಾಪುರಮ್ಮನೂ ಬರ್ತಾಳಲ್ಲ, ಒಲೆ ಪಾತ್ರೆ ಎಲ್ಲ ಏರ್ಸಿಕೊಂಡು. ಅಲ್ಲಿ ಪ್ರಮಾಣ ಮಾಡು ಅಂದಾಳೆ. ಅವನು ಎಲ್ಲಿ ಹೋದ್ನೋ ಅದೇ ನೀರಾಗೆ, ಎದೆಮಟ ಇಳಿದು. ತಪ್ಪಿಲ್ಲ ಅಂದ್ರೆ ಉಪ್ಪುನೀರು ಎತ್ತಿ ಹಿಡಿತೈತೆ, ತಪ್ಪಿದ್ರೆ ಎಳ್ಕಂತೈತೆ ಅಂತ. ಆತು ಅಂದೀನಿ.”

“ನಿನಗೆ ಈಜು ಬರುತ್ತದೇನೋ?”

“ಎಲ್ಲಿ ಸಾರ್.” ನಕ್ಕ. “ನಾಲ್ಕು ವರ್ಷ ಆತು. ಏನಾರ ಒಂದು ಆಗಿಹೋಗ್ಲಿ. ನಮ್ಮವ್ವನೂ ಮಣ್ಣು ಗುಡಿಸಿ ಗುಡಿಸಿ ಸಾಕಾಗ್ಯಾಳೆ.” ಆಮೇಲೆ, ಗಾಡಿಯ ಚಕ್ರ ನೋಡುತ್ತಾ, ದನಿ ತಗ್ಗಿಸಿ ಹೇಳಿದ: “ಅವತ್ತು ಅವನು ನೀರಿಗೆ ಇಳಿಯಾಕೆ ಮುಂಚೆ ಪ್ರಸಾದ್ ಸಾರು ಹೇಳಿಲ್ಲೇನಲೇ ಅಂತ ನಗ್ತಿದ್ದ. ನಾನು ದಡದಾಗೇ ಇದ್ದೆ. ಪೊಲೀಸ್ನೋರು ಕೇಳಿದಾಗ್ಲೂ ನಿಮ್ಮ ಹೆಸ್ರು ಎತ್ತಿಲ್ಲ ಸಾರ್. ಮೇಷ್ಟ್ರ ಹೆಸ್ರು ಹೆಂಗೆ ಹೇಳೋದು. ಆದ್ರೆ ನೀವೇ ಒಂದು ಮಾತು ಅಂದ್ರೆ ಆಕೆ ಕೇಳ್ತಾಳೆ. ನಿಮ್ಮ ಮಾತು ಅಂದ್ರೆ ಆಕೆಗೆ ದೇವರ ಮಾತು.”

ರೇಣುಕಪ್ರಸಾದನಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇಷ್ಟು ವರ್ಷ ಇವನು ಬಾಯಿ ಮುಚ್ಚಿಕೊಂಡಿದ್ದದ್ದರ ಮೇಲೆ ಸಿಟ್ಟು, ಈಗ ಅದನ್ನು ಇಷ್ಟು ಮೆತ್ತಗೆ, ಸೊಂಟ ಬಗ್ಗಿಸಿ, ಕಾಣಿಕೆ ಕೊಟ್ಟ ಹಾಗೆ ಹೇಳುತ್ತಿದ್ದದ್ದರ ಮೇಲೆ ಸಿಟ್ಟು. ನೀನು ಅವತ್ತೇ ಕೂಗಿ ಹೇಳಿದ್ದರೆ ನಾನು ಒಂದು ದಿನ ಸಾಯುತ್ತಿದ್ದೆ, ಆಮೇಲೆ ಬದುಕುತ್ತಿದ್ದೆ, ಎಂದು ಬೈಯಬೇಕೆನ್ನಿಸಿತು. ಬಾಯಿಂದ ಬಂದದ್ದು, “ನೋಡೋಣ, ಇರು,” ಎಂಬುದಷ್ಟೇ. ಶಾಲೆಯ ಹಿತ್ತಿಲಿನ ಅಡುಗೆಮನೆಯ ಕಡೆಗೆ ಕಾಲು ಹಾಕಿದ. ಹುಡುಗರು ಉಂಡೆದ್ದು ಹೋದ ಜಗಲಿಯ ಮೇಲೆ ಅನ್ನದ ಅಗುಳು, ಗುಬ್ಬಿಗಳು. ಹೇಳಿಬಿಡುತ್ತೇನೆ ಎಂದುಕೊಂಡ. ಸಮುದ್ರವೂ ಮುಳುಗಿಸುತ್ತದೆ ಕೊಲ್ಲಾಪುರಮ್ಮ. ನಾನು ಅಂದದ್ದು ತಪ್ಪು. ಕೆಂಚೇಶ ತಳ್ಳಿಲ್ಲ. ಮೂರು ಮಾತು. ಕೆಂಪು ಪೆನ್ನು ಹಿಡಿದು ಸಾವಿರ ತಪ್ಪು ತಿದ್ದಿದವನಿಗೆ ಇದೊಂದು ದೊಡ್ಡದೇ? ಆದರೆ ಒಂದೊಂದು ಹೆಜ್ಜೆಗೂ ಆ ಮೂರು ಮಾತಿಗೆ ಬಾಲ ಬೆಳೆಯುತ್ತಿತ್ತು: ಪುಸ್ತಕದಲ್ಲಿ ಇದ್ದದ್ದು ಬೇರೆ ಸಮುದ್ರ, ಹುಡುಗ ಕೇಳಿದ್ದೇ ಒಂದು ಥರಾ, ಅಲ್ಲಿ ಸುಳಿ ಇತ್ತಂತೆ, ಎಚ್ಚರಿಕೆಯ ಬೋರ್ಡು ಹಾಕಬೇಕಿತ್ತು. ನಿಂತು ಬಾಲವನ್ನೆಲ್ಲ ಕತ್ತರಿಸಿ ಮತ್ತೆ ಮೂರು ಮಾತು ಮಾಡಿಕೊಂಡು ಒಳಗೆ ಹೋದ.

ಕೊಲ್ಲಾಪುರಮ್ಮ ಸಾರಿನ ದೊಡ್ಡ ಪಾತ್ರೆಯೊಳಗೆ ಸೊಂಟದವರೆಗೂ ಬಗ್ಗಿ ತಿಕ್ಕುತ್ತಿದ್ದಳು. ಅವನ ನೆರಳು ಬಿದ್ದದ್ದೇ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಅಕ್ಕಿಯ ಡಬ್ಬವನ್ನು ಬೋರಲು ಹಾಕಿ ಕೂರಲು ಕೊಟ್ಟಳು. “ಕುಂದರ್ರಿ ಸಾರ್. ಮಜ್ಜಿಗೆ ಕೊಡ್ಲಾ?” ಬೇಡ ಎನ್ನುವಷ್ಟರಲ್ಲಿ ಲೋಟ ಕೈಯಲ್ಲಿತ್ತು. ತುಸು ಉಪ್ಪು ಹೆಚ್ಚಾಗಿತ್ತು. ಅವನು ಎರಡು ಗುಟುಕು ಕುಡಿದ. ಇಷ್ಟು ಹತ್ತಿರದಿಂದ ಆಕೆಯನ್ನು ಅವನು ನಾಲ್ಕು ವರ್ಷದಿಂದ ನೋಡಿರಲಿಲ್ಲ. ಊಟದ ಹೊತ್ತಿನಲ್ಲಿ ಈ ಕಡೆ ಬರುವ ಸರದಿಯನ್ನೆಲ್ಲ ಬೇರೆಯವರಿಗೆ ದಾಟಿಸುತ್ತಿದ್ದ.

“ಕೊಲ್ಲಾಪುರಮ್ಮ, ಆ ಪ್ರಮಾಣದ ವಿಷಯ,” ಎಂದ.

“ಹೇಳಿದ್ನಾ ಅವನು? ಹೇಳ್ಲಿ ಬಿಡ್ರಿ. ನೀವೂ ಇರ್ಬೇಕು ಸಾರ್ ಅಲ್ಲಿ, ಮುಂದೆ ನಿಂತ್ಕೊಂಡು.”

“ಸಮುದ್ರ ಯಾರನ್ನೂ ಎತ್ತಿ ಹಿಡಿಯೋದಿಲ್ಲ. ಉಪ್ಪುನೀರಾದರೂ ಮನುಷ್ಯ ಮುಳುಗುತ್ತಾನೆ. ಈಜು ಬರದವನು ಮುಳುಗೇ ಮುಳುಗುತ್ತಾನೆ. ನಿಂಗರಾಜನೂ ಹಾಗೇ. ಯಾರೂ ತಳ್ಳಿಲ್ಲ.” ಹೇಳಿಯೇಬಿಟ್ಟಿದ್ದ. ಲೋಟವನ್ನು ಕೆಳಗಿಟ್ಟ. “ನಾನು ಅವತ್ತು ಪಾಠದಲ್ಲಿ ಹೇಳಿದ್ದು ತಪ್ಪು. ನನಗೆ ಗೊತ್ತಿರಲಿಲ್ಲ. ನಾನು ಸಮುದ್ರ ನೋಡೇ ಇಲ್ಲ.”

ನಲ್ಲಿಯಿಂದ ನೀರು ಬಕೆಟ್ಟಿಗೆ ಬೀಳುತ್ತಿತ್ತು, ಕೊಲ್ಲಾಪುರಮ್ಮ ಹೋಗಿ ನಿಲ್ಲಿಸಿದಳು. ಗೂಡಿನ ಮೇಲಿದ್ದ ಬೇಳೆಯ ಹಳೇ ಪ್ಲಾಸ್ಟಿಕ್ ಚೀಲ ಇಳಿಸಿ, ಅದರೊಳಗಿಂದ ಬಟ್ಟೆ ಸುತ್ತಿದ ಒಂದು ನೋಟ್ ಪುಸ್ತಕ ತೆಗೆದಳು. ಅಂಚೆಲ್ಲ ಎಣ್ಣೆ ಕುಡಿದಿತ್ತು. ಕೋಳಿಪುಕ್ಕ ಇಟ್ಟು ಗುರುತು ಮಾಡಿದ್ದ ಪುಟ ತೆರೆದು ಅವನ ತೊಡೆಯ ಮೇಲಿಟ್ಟಳು. “ಓದ್ರಿ ಸಾರ್. ನಂಗೆ ಓದಾಕೆ ಬರಲ್ಲ. ಅವನು ಓದಿ ಹೇಳಿದ್ದು ನೆಪ್ಪೈತೆ.”

ಕೋಳಿಕಾಲಿನ ಅಕ್ಷರ. ಪ್ರಶ್ನೆ: ಸಮುದ್ರದ ನೀರಿನಲ್ಲಿ ಮನುಷ್ಯನು ಏಕೆ ಮುಳುಗುವುದಿಲ್ಲ? ಉತ್ತರ: ಸಮುದ್ರದ ನೀರು ಉಪ್ಪಾಗಿರುವುದರಿಂದ ಅದು ಮನುಷ್ಯನನ್ನು ಎತ್ತಿ ಹಿಡಿಯುತ್ತದೆ. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು, ‘ಉತ್ತಮ’ ಎಂಬ ಮಾತು, ಸಹಿ, ತಾರೀಖು. ಇಂಥದೊಂದು ಪ್ರಶ್ನೆಯನ್ನೇ ತಾನು ಬರೆಸಿದ್ದೆನೆಂಬುದು ಅವನಿಗೆ ಮರೆತೇಹೋಗಿತ್ತು. ಬಾಯಿ ಜಾರಿ ಆಡಿದ ಮಾತು ಎಂದೇ ಇಷ್ಟು ದಿನ ಹೊತ್ತುಕೊಂಡಿದ್ದ. ಬಾಯಿ ಜಾರಿದ್ದಲ್ಲ, ಕೂತು ಬರೆಸಿ, ಓದಿ, ಮೆಚ್ಚಿದ್ದು.

“ಅವತ್ತು ನಾನು ಹೋಗ್ಬ್ಯಾಡ ಅಂದಿದ್ದೆ ಸಾರ್,” ಕೊಲ್ಲಾಪುರಮ್ಮ ಗೋಡೆಗೆ ಒರಗಿ ಹೇಳುತ್ತಿದ್ದಳು, ನಿಧಾನವಾಗಿ, ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡವಳ ಹಾಗೆ. “ಈಜಾಕೆ ಬರಲ್ಲ, ನೀರಿನ ಸಾವಾಸ ಬ್ಯಾಡ ಅಂತ ಬಾಗಿಲಿಗೆ ಅಡ್ಡ ಕುಂತಿದ್ದೆ. ಈ ಪುಸ್ತಕ ತಂದು ಓದಿದ. ಅವ್ವ, ಮೇಷ್ಟ್ರು ಸಹಿ ಹಾಕ್ಯಾರೆ ನೋಡು ಅಂದ. ನಿಮ್ಮ ಸಹಿ ನಂಗೆ ಗೊತ್ತು, ಹಾಜರಿ ಪುಸ್ತಕದಾಗೆ ದಿನಾ ನೋಡ್ತೀನಲ್ಲ. ಹಂಗಾರೆ ಹೋಗು ಅಂತ ಎದ್ದು ದಾರಿ ಬಿಟ್ಟೆ. ರೊಟ್ಟಿ ಬುತ್ತಿ ಕಟ್ಟಿಕೊಟ್ಟೆ.” ಅವನ ಕಡೆ ತಿರುಗಿದಳು. “ನೀವು ಈಗ ಸಮುದ್ರ ಮುಳುಗಿಸ್ತೈತೆ ಅಂತೀರಿ. ಮುಳುಗಿಸ್ತೈತೆ ಅಂದ್ರೆ ಅವನ್ನ ಸಾಯಾಕೆ ಕಳಿಸ್ದೋಳು ನಾನಾಗ್ತೀನಿ. ಇಲ್ಲ ಸಾರ್. ಕೆಂಚೇಶ ನಿಮ್ಮ ಕಾಲು ಹಿಡಿದಾನೆ. ನಿಮ್ಮದು ಹೆಂಗರುಳು, ಅವನ್ನ ಉಳ್ಸಾಕೆ ಹಿಂಗೆ ಹೇಳ್ತೀರಿ.”

“ಇಲ್ಲ ಕೊಲ್ಲಾಪುರಮ್ಮ, ಖರೇನೇ ಹೇಳ್ತಿದೀನಿ. ಅದು ತಪ್ಪು ಉತ್ತರ.”

ಆಕೆ ಬಗ್ಗಿ, ಪುಟದ ಮೇಲೆ, ಕೆಂಪು ಶಾಯಿಯ ಕೆಳಗೆ, ಬೂದಿ ಮೆತ್ತಿದ ಬೆರಳಿಟ್ಟಳು. “ತಪ್ಪು ಅಂದ್ರೆ, ಈ ಸಹಿ ಯಾರ್ದು ಸಾರ್?”

“ನಂದೇ.”

“ಮತ್ತೆ?”

ಇನ್ನೂ ಹೇಳಬಹುದಿತ್ತು, ಕಾಲು ಹಿಡಿದು ಹೇಳಬಹುದಿತ್ತು, ಸಂಧ್ಯಾರಾಣಿಯನ್ನು ಕರೆದು ಹೇಳಿಸಬಹುದಿತ್ತು, ಈಗಲೇ ಬೀದಿಗೆ ಹೋಗಿ ಎಲ್ಲರೆದುರು ಕೂಗಬಹುದಿತ್ತು. ಆದರೆ ಒಳಗೆಲ್ಲೋ, ಸುಸ್ತಾದವನು ಜಗಲಿ ಕಂಡ ಹಾಗೆ, ಒಂದು ಸಮಾಧಾನ ಆಗಲೇ ಕಾಲು ಚಾಚಿ ಕೂತುಬಿಟ್ಟಿತ್ತು: ಹೇಳಿದ್ದಾಯಿತಲ್ಲ. ಹೇಳಿದ್ದೇನೆ, ಆಕೆ ನಂಬಲಿಲ್ಲ, ನಾನೇನು ಮಾಡಲಿ. ಆ ಸಮಾಧಾನದ ಮುಖ ಅವನಿಗೆ ಸ್ಪಷ್ಟವಾಗಿ ಕಂಡಿತು. ಎರಡು ರೊಟ್ಟಿ ಹೆಚ್ಚಿಗೆ ತಿಂದ ದಿನದ ಮುಖವೇ ಅದು. ಕಂಡರೂ ಎಬ್ಬಿಸಿ ಕಳಿಸಲಿಲ್ಲ.

ಕೊಲ್ಲಾಪುರಮ್ಮ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಗೂಡಿಗೆ ಇಟ್ಟಳು. “ಪಟ್ಟಿ ನಿಮ್ಮತ್ರನೇ ಐತಂತಲ್ಲ. ಬರ್ದೀರಾ ಅದನ್ನ?” ಎಂದಳು. ಅವನು ಜೇಬಿನಿಂದ ಹಾಳೆ ತೆಗೆದ. ಮಡಿಕೆ ಬಿಡಿಸಿದ. ಆಕೆ ನೋಡುತ್ತಲೇ ಇದ್ದಳು. ಓದು ಬಾರದ ಕಣ್ಣು ಹಾಳೆಯನ್ನು ಬಿಟ್ಟು ಅವನ ಕೈಯನ್ನು ನೋಡುತ್ತಿತ್ತು. ಪಡುಬಿದ್ರಿ ಎಂದು ಬರೆದು ಅದೇ ಇದು ಎಂದರೂ ಆಕೆಗೆ ತಿಳಿಯುತ್ತಿರಲಿಲ್ಲ. ಅಷ್ಟು ಸುಲಭವಿತ್ತು. ಆದರೆ ಗಾಡಿ ಓಡಿಸುವವನಿಗೆ ದಾರಿ ಗೊತ್ತು, ಪ್ರಮಾಣ ಮಾಡಲು ಒಪ್ಪಿದವನೂ ಅವನೇ. ಈ ಸಲ ತಪ್ಪಿದರೆ ಆಕೆ ಇನ್ನೊಂದು ದಿನ, ಇನ್ನೊಂದು ಬಸ್ಸಿನಲ್ಲಿ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವುದರಲ್ಲಿ ಅವನು ಪಳಗಿದವನು. ದಪ್ಪ ಚುಕ್ಕಿಯ ಪಕ್ಕದಲ್ಲಿ, ದುಂಡಗೆ, ಯಾರಿಗೂ ಓದಲು ತೊಡಕಾಗದ ಹಾಗೆ ಆ ಹೆಸರು ಬರೆದ.

ಹೊರಗೆ ಕೆಂಚೇಶ ಅಡುಗೆಮನೆಯ ಬಾಗಿಲಿಗಿಂತ ನಾಲ್ಕು ಮಾರು ದೂರದಲ್ಲಿ, ಕೊಲ್ಲಾಪುರಮ್ಮನ ಕಣ್ಣಿಗೆ ಬೀಳದ ಹಾಗೆ ಗೋಡೆಯ ಮರೆಗೆ ನಿಂತಿದ್ದ. ಹಾಳೆಗೆ ಕೈ ಚಾಚಿದ. ಮೊದಲಿನ ನಾಲ್ಕನ್ನು ಓದುವಾಗ ತುಟಿ ಅಲ್ಲಾಡಿತು, ಐದನೆಯದಕ್ಕೆ ಬಂದು ನಿಂತಿತು. ತಲೆಯೆತ್ತಿ ಅವನ ಮುಖ ನೋಡಿದ. ಹೇಳಿದಿರಾ ಎಂದು ಕೇಳಲಿಲ್ಲ. ಕೇಳಿದ್ದು ಬೇರೆ: “ಎದೆಮಟ ಅಂದ್ರೆ ಏನೂ ಆಗಲ್ಲ ಅಲ್ವಾ ಸಾರ್?”

ಮೂರನೇ ಬೆಂಚಿನ ಹುಡುಗ ಎದ್ದು ನಿಂತ ಹಾಗೆ ನಿಂತಿದ್ದ. ಅವನೂ ಅದೇ ತರಗತಿಯವನು. ರೇಣುಕಪ್ರಸಾದ್ ಹಾಳೆಯನ್ನು ಅವನ ಕೈಯಿಂದ ವಾಪಸ್ ತೆಗೆದುಕೊಂಡ. ಕೆಂಚೇಶನ ಮುಖದಲ್ಲಿ ಒಂದು ಕ್ಷಣ ಬೆಳಕು ಬಂದಿತು. ಸಹಿಯಿಲ್ಲದೆ ಹೆಡ್ ಮಾಸ್ಟರು ಒಪ್ಪುವುದಿಲ್ಲ ಎಂಬುದು ಮೇಷ್ಟ್ರಿಗೆ ಆಗಷ್ಟೇ ನೆನಪಾಗಿತ್ತು. ಗೋಡೆಗೆ ಹಾಳೆಯೊತ್ತಿ, ಐದನೆಯ ಹೆಸರಿನ ಕೆಳಗೆ ಸಹಿ ಹಾಕಿ, ತಾರೀಖು ಬರೆದು ಕೊಟ್ಟ.